ಜಿನಸೇನಾಚಾರ್ಯ

ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದ ದಿಗಂಬರ ಜೈನ ಮುನಿ, ಸಂಸ್ಕೃತ ಕವಿ ಮತ್ತು ತತ್ತ್ವಜ್ಞ. ಅವರ ಆದಿಪುರಾಣವು ಮೊದಲ ತೀರ್ಥಂಕರ ಋಷಭನಾಥನ ಚರಿತೆಯಾಗಿದ್ದು, ಜಗತ್ತಿಗೆ ಸೃಷ್ಟಿಕರ್ತನಿಲ್ಲವೆಂಬ ವಾದಕ್ಕಾಗಿಯೂ ಪ್ರಸಿದ್ಧವಾಗಿದೆ. ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ರಚಿಸಿದ ಪುನ್ನಾಟ ಸಂಘದ ಜಿನಸೇನರು ಬೇರೆಯವರು.

ಜೀವನ ಮತ್ತು ಕೃತಿಗಳು

ಬಾಲ್ಯದಲ್ಲಿಯೇ ದೀಕ್ಷೆ ಪಡೆದ ಜಿನಸೇನರು ಧವಳಾ ಟೀಕೆಯನ್ನು ಬರೆದ ವೀರಸೇನಾಚಾರ್ಯರ ಶಿಷ್ಯರು. ಗುರುಗಳು ಆರಂಭಿಸಿ ಅಪೂರ್ಣವಾಗಿ ಬಿಟ್ಟಿದ್ದ ಜಯಧವಳಾ ಟೀಕೆಯನ್ನು ಅವರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಕಾಳಿದಾಸನ ಮೇಘದೂತದ ಸಾಲುಗಳನ್ನು ಒಳಗೊಂಡಂತೆ ಹೆಣೆದ ಪಾರ್ಶ್ವಾಭ್ಯುದಯ ಅವರ ಇನ್ನೊಂದು ಕೃತಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು ಅವರನ್ನು ಗುರುವೆಂದು ಗೌರವಿಸುತ್ತಿದ್ದನು. ಆದಿಪುರಾಣದ 47 ಪರ್ವಗಳಲ್ಲಿ 42ನ್ನು ಮುಗಿಸಿ 43ನೆಯದನ್ನು ಆರಂಭಿಸಿದಾಗ ಅವರು ಕಾಲವಾದರು. ಉಳಿದ ಭಾಗವನ್ನು ಶಿಷ್ಯ ಗುಣಭದ್ರಾಚಾರ್ಯರು ಪೂರೈಸಿದರು.

ಸೃಷ್ಟಿವಾದದ ಖಂಡನೆ

ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಈಶ್ವರಕರ್ತೃತ್ವದ ಖಂಡನೆಯಿದೆ. ಸೃಷ್ಟಿಗೆ ಮೊದಲು ಕರ್ತನು ಎಲ್ಲಿದ್ದನು, ಅಮೂರ್ತನಾದವನು ಮೂರ್ತ ವಸ್ತುಗಳನ್ನು ಹೇಗೆ ರಚಿಸಿದನು, ಅದಕ್ಕೆ ಬೇಕಾದ ಸಾಮಗ್ರಿ ಎಲ್ಲಿಂದ ಬಂದಿತು ಎಂದು ಜಿನಸೇನರು ಪ್ರಶ್ನಿಸುತ್ತಾರೆ. ಲೀಲೆಗಾಗಿ ಸೃಷ್ಟಿಸಿದನೆಂದರೆ ಅದು ಮಕ್ಕಳಾಟವಾಗುತ್ತದೆ. ಕರುಣೆಯಿಂದ ಎಂದರೆ ಲೋಕದಲ್ಲಿ ದುಃಖವಿರಬಾರದಿತ್ತು. ಆದ್ದರಿಂದ ಲೋಕವು ಕಾಲದಂತೆ ಅನಾದಿ ಮತ್ತು ಅನಂತವೆಂಬುದು ಅವರ ನಿಲುವು.

ಜೀವವಿಕಾಸವಾದದೊಡನೆ ಹೋಲಿಕೆ

ಡಾರ್ವಿನ್ ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದು 1859ರಲ್ಲಿ, ಜಿನಸೇನರಿಗಿಂತ ಸುಮಾರು ಸಾವಿರ ವರ್ಷಗಳ ಅನಂತರ. ಸೃಷ್ಟಿಕರ್ತನನ್ನು ಒಪ್ಪದ ದರ್ಶನಕ್ಕೆ ಜೀವವಿಕಾಸವಾದವು ಸುಲಭವಾಗಿ ಒಗ್ಗಬಹುದೆಂದು ತೋರಿದರೂ ಆದಿಪುರಾಣದ ಲೋಕದೃಷ್ಟಿ ಅದಕ್ಕಿಂತ ಭಿನ್ನವಾಗಿದೆ. ಪುರಾಣದ ಪ್ರಕಾರ ಈಗಿನದು ಅವಸರ್ಪಿಣಿ, ಅಂದರೆ ಇಳಿಮುಖವಾದ ಕಾಲ. ಋಷಭನಾಥನ ಎತ್ತರ 500 ಧನುಸ್ಸು. ಅನಂತರ ಮನುಷ್ಯರ ಎತ್ತರವೂ ಆಯುಷ್ಯವೂ ಕುಗ್ಗುತ್ತ ಬಂದಿವೆ. ಜೀವವು ಕರ್ಮಕ್ಕೆ ತಕ್ಕಂತೆ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ದೇಹಗಳನ್ನು ಜನ್ಮಜನ್ಮಾಂತರಗಳಲ್ಲಿ ಧರಿಸುತ್ತದೆ. ವಿಕಾಸವಾದದಲ್ಲಿಯಾದರೋ ಬದಲಾಗುವುದು ಜೀವಿಗಳ ವಂಶಪರಂಪರೆ; ಅದಕ್ಕೆ ಪಳೆಯುಳಿಕೆ, ದೇಹರಚನೆ ಮತ್ತು ಡಿಎನ್‌ಎ ಆಧಾರಗಳಾಗಿವೆ.

ಪುರಾಣವನ್ನು ಸರ್ವಜ್ಞನಾದ ತೀರ್ಥಂಕರನ ಬೋಧೆಯೆಂದು ನಂಬುವ ಶ್ರಾವಕನಿಗೆ ಈ ವ್ಯತ್ಯಾಸ ಕೇವಲ ಕಾಲಗಣನೆಯದಲ್ಲ. ಚೇತನವು ಜಡದಿಂದ ಹುಟ್ಟಿತೆಂದು ಒಪ್ಪಿದರೆ ಕರ್ಮ, ಪುನರ್ಜನ್ಮ ಮತ್ತು ಮೋಕ್ಷಗಳು ಆಧಾರ ಕಳೆದುಕೊಳ್ಳುತ್ತವೆಂಬುದು ಅವನ ಆತಂಕ. ಅಂಥವನ ನಿರಾಕರಣೆಯನ್ನು ಬರಿಯ ಅಜ್ಞಾನವೆನ್ನಲಾಗದು. ಸೃಷ್ಟಿವಾದವನ್ನು ತರ್ಕದಿಂದ ತಳ್ಳಿಹಾಕಿದ ಪರಂಪರೆಯೇ ಅವನದೂ ಆಗಿದೆ. ಪುರಾಣವನ್ನು ಆತ್ಮೋನ್ನತಿಯ ರೂಪಕವಾಗಿ ಓದುವವರಿಗೆ ಈ ವಿರೋಧ ಅಷ್ಟಾಗಿ ಕಾಡುವುದಿಲ್ಲ.

ಪ್ರಭಾವ

ಪಂಪನು ಕ್ರಿ.ಶ. 941ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಲು ಜಿನಸೇನರ ಕೃತಿಯೇ ಆಕರ. ಚಾವುಂಡರಾಯನು 978ರಲ್ಲಿ ಬರೆದ ಗದ್ಯಪುರಾಣಕ್ಕೂ ಜಿನಸೇನ–ಗುಣಭದ್ರರ ಮಹಾಪುರಾಣ ಆಧಾರವಾಯಿತು. ಅವರು ಕಾವ್ಯದಲ್ಲಿ ಕೊಂಡಾಡಿದ ಋಷಭನಾಥನ ಆರಾಧನೆ ಹೊಯ್ಸಳರ ಕಾಲದಲ್ಲಿಯೂ ಮುಂದುವರಿಯಿತು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿಯ ಬಳಿಯೇ ಆದಿನಾಥ ಬಸದಿಯಿದೆ. ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು ರೇಚರಸನು 1220ರಲ್ಲಿ ಕಟ್ಟಿಸಿದನು. 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ ಸ್ಥಾಪನೆಯಾದ ನಾಡಿನಲ್ಲಿ, ಜಗತ್ಕರ್ತನನ್ನು ನಂಬುವವರೂ ಒಪ್ಪದವರೂ ಒಂದೇ ಅರಸುಮನೆತನದ ಆಶ್ರಯದಲ್ಲಿ ಬಾಳಿದರು.