ಕಾಳಿಂಗ ನಾವಡರು ಬರೀ ಕಂಠವಲ್ಲ

ಗುಂಡ್ಮಿ ಕಾಳಿಂಗ ನಾವಡರ ಹೆಸರೆತ್ತಿದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ಇವತ್ತಿಗೂ ಮೊದಲು ನೆನೆಯೋದು ಅವರ ಕಂಠವನ್ನು. ನನ್ನ ತಕರಾರು ಇರೋದೇ ಅಲ್ಲಿ. ಯಕ್ಷಗಾನದ ಭಾಗವತ ಅಂದರೆ ಹಾಡುಗಾರ ಅಷ್ಟೇ ಅಲ್ಲ, ಮೊದಲನೇ ವೇಷಧಾರಿ. ಅವನ ಕೈತಾಳದ ಸೂಚನೆಗೆ ಚೆಂಡೆ, ಮದ್ದಳೆ ಏರಬೇಕು, ಇಳಿಯಬೇಕು. ವೇಷ ಎಷ್ಟು ಕುಣಿಯಬೇಕು, ಮಾತು ಎಲ್ಲಿ ನಿಲ್ಲಬೇಕು ಅನ್ನೋದೂ ಅವನದೇ ತೀರ್ಮಾನ.

ನಾವಡರು ಹುಟ್ಟಿದ್ದು 1958ರಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರು ನಾರಣಪ್ಪ ಉಪ್ಪೂರರು. ಅವರಿಂದ ಬಡಗುತಿಟ್ಟಿನ ಗಟ್ಟಿ ಪಾಠ ಅರಗಿಸಿಕೊಂಡ ಮೇಲೆಯೇ ಶಿಷ್ಯ ಹೊಸ ರಾಗಗಳಿಗೆ ಕೈಹಾಕಿದ್ದು. ಸಾಲಿಗ್ರಾಮ ಮೇಳದ ಟೆಂಟಿಗೆ ಟಿಕೆಟ್ ಕೊಟ್ಟು ಬಂದವರು ಅವರ ಪದಕ್ಕಾಗಿ ಬೆಳಗಿನ ತನಕ ಕಾದು ಕೂತರು. ಅವರೇ ಬರೆದ ‘ನಾಗಶ್ರೀ’ ಪ್ರಸಂಗ ಊರೂರಲ್ಲಿ ಗೆದ್ದಿತು. ಪುರಾಣ ಬಿಟ್ಟ ಕತೆ ಯಾಕೆ ಅಂತ ಸಂಪ್ರದಾಯಸ್ಥರು ಮೂಗು ಮುರಿದದ್ದೂ ಉಂಟು.

1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತ ಅವರನ್ನು ಕೊಂಡೊಯ್ಯಿತು. 32 ಕೂಡ ತುಂಬಿರಲಿಲ್ಲ.

ಆಮೇಲೆ ನಾವಡರ ಹಾಗೆ ಹಾಡುವವರು ಬೇಕಾದಷ್ಟು ಬಂದರು. ಆದರೆ ಸ್ವರ ಅನುಕರಿಸೋದು ಸುಲಭ, ಇಡೀ ರಂಗವನ್ನು ಹಿಡಿದಿಡೋದು ಕಷ್ಟ. ಭಾಗವತರು ಚಪ್ಪಾಳೆಗಾಗಿ ಆಲಾಪ ಎಳೆಯುತ್ತಾ ಹೋದರೆ ವೇಷಧಾರಿ ಸುಮ್ಮನೆ ನಿಂತಿರಬೇಕಾಗುತ್ತದೆ, ಕತೆಯೂ ನಿಲ್ಲುತ್ತದೆ. ನಾವಡರ ಹೆಸರು ಹೇಳಿ ಅದನ್ನು ಸಮರ್ಥಿಸೋದು ನನಗೆ ಒಪ್ಪಿಗೆಯಿಲ್ಲ. ಹೊಸತನಕ್ಕೆ ಕೈಹಾಕುವ ಮೊದಲು ಅವರು ಕಲಿತದ್ದು ಆಟ ಆಡಿಸುವ ಕಸುಬನ್ನು. ಅವರಿಂದ ಕಲಿಯಬೇಕಾದ್ದೂ ಅದನ್ನೇ.