ಐದು ಶತಮಾನಗಳಿಂದ ಬಡವರಿಗೆ ಸೂರು: ಯಾಕೋಬ್ ಫುಗ್ಗರ್ ಮತ್ತು ಅವರ ವಸತಿ ನಿಧಿ

ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಫುಗ್ಗರೈ ಎಂಬ ಪುಟ್ಟ ವಸತಿ ಪ್ರದೇಶವಿದೆ. ಅಲ್ಲಿ 67 ಮನೆಗಳಲ್ಲಿ ಸುಮಾರು 150 ಮಂದಿ ವಾಸಿಸುತ್ತಾರೆ. ಒಂದು ವರ್ಷದ ಮೂಲ ಬಾಡಿಗೆ 88 ಸೆಂಟ್, ಅಂದರೆ ಒಂದು ಯೂರೋಗಿಂತಲೂ ಕಡಿಮೆ. 1521ರಲ್ಲಿ ಒಂದು ರೈನ್ ಗುಲ್ಡನ್ ಎಂದು ಗೊತ್ತುಪಡಿಸಿದ ಬಾಡಿಗೆ ಇಂದಿಗೂ ಏರಿಲ್ಲ. ಇದನ್ನು ಸ್ಥಾಪಿಸಿದವರು ಆ ಕಾಲದ ಯುರೋಪಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದ ಯಾಕೋಬ್ ಫುಗ್ಗರ್.

ಫುಗ್ಗರ್ ಅವರು 1459ರ ಮಾರ್ಚ್ 6ರಂದು ಔಗ್ಸ್‌ಬರ್ಗ್‌ನಲ್ಲಿ ಜನಿಸಿದರು. ಅವರ ಅಜ್ಜ ಹಾನ್ಸ್ ನೇಕಾರರು. 1367ರಲ್ಲಿ ಹಳ್ಳಿಯಿಂದ ಈ ನಗರಕ್ಕೆ ಬಂದವರು. ಕಿರಿಯ ಮಗನಾದ ಯಾಕೋಬ್ ಅವರನ್ನು ಮನೆಯವರು ಮೊದಲು ಧರ್ಮಸಭೆಯ ಸೇವೆಗೆಂದು ಮೀಸಲಿಟ್ಟಿದ್ದರು. ಆದರೆ ಅವರು ವ್ಯಾಪಾರದತ್ತ ಹೊರಳಿದರು. ವೆನಿಸ್ ನಗರದಲ್ಲಿ ಲೆಕ್ಕಪತ್ರದ ವಿದ್ಯೆ ಕಲಿತು ಸಹೋದರರ ಜೊತೆ ದುಡಿದರು. ಆಸ್ಟ್ರಿಯಾದ ಅರಸರಿಗೆ ಸಾಲ ಕೊಟ್ಟು ಟಿರೋಲ್ ಪ್ರದೇಶದ ಬೆಳ್ಳಿಯನ್ನು ಪಡೆದರು. ಹಂಗೇರಿಯ ತಾಮ್ರದ ಗಣಿಗಳಲ್ಲಿ ಬಂಡವಾಳ ಹೂಡಿದರು. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿ ಸ್ಥಾನಕ್ಕೆ ಆಯ್ಕೆಯಾಗಲು ಖರ್ಚಾದ ಸುಮಾರು 8,50,000 ಗುಲ್ಡನ್‌ಗಳಲ್ಲಿ 5,43,000ಕ್ಕೂ ಹೆಚ್ಚು ಹಣ ಬಂದದ್ದು ಫುಗ್ಗರ್ ಸಂಸ್ಥೆಯಿಂದ.

ನಮ್ಮ ಕರಾವಳಿಗೂ ಈ ಸಂಪತ್ತಿಗೂ ನಂಟಿದೆ. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡ ಅವರ ನೇತೃತ್ವದಲ್ಲಿ ಭಾರತಕ್ಕೆ ಹೊರಟ ಪೋರ್ಚುಗೀಸ್ ಹಡಗುಗಳಲ್ಲಿ ಜರ್ಮನ್ ವರ್ತಕರು ಹಣ ಹೂಡಿದ್ದರು. ಅದರಲ್ಲಿ ಫುಗ್ಗರ್ ಸಂಸ್ಥೆಯ ಪಾಲೂ ಇತ್ತು. ಆ ಪಡೆ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿತು, ಹೊನ್ನಾವರದ ರೇವಿನಲ್ಲಿ ಹಡಗುಗಳಿಗೆ ಬೆಂಕಿ ಇಟ್ಟಿತು, ಮಲಬಾರಿನ ಕರಿಮೆಣಸನ್ನು ಯುರೋಪಿಗೆ ಸಾಗಿಸಿತು.

ಫುಗ್ಗರ್ ಅವರನ್ನು ಸಂತರೆಂದು ಹೇಳಲಾಗದು. ಮೈಂಜ್‌ನ ಮಹಾಧರ್ಮಾಧ್ಯಕ್ಷ ಆಲ್ಬ್ರೆಕ್ಟ್ ಅವರು ಪದವಿಗಾಗಿ ರೋಮಿಗೆ ಸಲ್ಲಿಸಬೇಕಾಗಿದ್ದ ಹಣವನ್ನು ಫುಗ್ಗರ್ ಅವರಿಂದಲೇ ಸಾಲ ಪಡೆದಿದ್ದರು. ಪಾಪವಿಮೋಚನಾ ಪತ್ರಗಳಿಂದ ಬಂದ ಹಣದ ಅರ್ಧಭಾಗ ಆ ಸಾಲ ತೀರಿಸಲು ಹೋಯಿತು. 1517ರಲ್ಲಿ ಮಾರ್ಟಿನ್ ಲೂಥರ್ ಪ್ರತಿಭಟಿಸಿದ್ದು ಈ ಪತ್ರಗಳನ್ನೇ. 1520ರಲ್ಲಿ ಅವರು ಫುಗ್ಗರ್ ಹೆಸರು ಹಿಡಿದೇ ಟೀಕಿಸಿದರು. 1525ರ ರೈತರ ಬಂಡಾಯವನ್ನು ಹತ್ತಿಕ್ಕಿದ ಸೇನೆಗೂ ಫುಗ್ಗರ್ ಹಣ ಸಂದಿತ್ತು. ಬಡವರ ಮನೆಗಳ ಹಿಂದೆ ಇಂಥ ಹಣವೂ ಇತ್ತೆಂಬುದನ್ನು ಮರೆಯುವಂತಿಲ್ಲ.

ಆದರೆ ಅದೇ ವ್ಯಕ್ತಿ ತಮ್ಮ ಊರಿನ ದುಡಿಯುವ ಬಡವರ ಕಷ್ಟವನ್ನೂ ಕಂಡರು. ದಿನಗೂಲಿಗಳು ಮತ್ತು ಸಣ್ಣ ಕುಶಲಕರ್ಮಿಗಳು ಕಾಯಿಲೆ ಬಿದ್ದರೆ ಅಥವಾ ಕೆಲಸ ಕಳೆದುಕೊಂಡರೆ ಬಾಡಿಗೆ ಕಟ್ಟಲಾಗದೆ ಬೀದಿಗೆ ಬರುತ್ತಿದ್ದರು. 1516ರಲ್ಲಿ ಮನೆಗಳ ಕೆಲಸ ಆರಂಭವಾಗಿ 1523ರ ವೇಳೆಗೆ 52 ಮನೆಗಳು ಸಿದ್ಧವಾದವು. ಪ್ರತಿ ಮನೆಯಲ್ಲಿ ಕೆಳಗೊಂದು, ಮೇಲೊಂದು ಬಿಡಾರ. ಎರಡಕ್ಕೂ ಬೀದಿಗೆ ತೆರೆಯುವ ಪ್ರತ್ಯೇಕ ಬಾಗಿಲು. ಭಿಕ್ಷೆ ಬೇಡುವವರಿಗಲ್ಲ, ದುಡಿದು ಬಾಳುವ ಬಡವರಿಗೆ ಈ ಮನೆಗಳು. ಮನೆ ಪುಕ್ಕಟೆಯಾಗಿರಲಿಲ್ಲ. ಚಿಕ್ಕದಾದರೂ ಬಾಡಿಗೆ ಕಟ್ಟುವವನಿಗೆ ತಲೆಯೆತ್ತಿ ನಡೆಯುವ ಗೌರವವಿರುತ್ತದೆ. ಬಾಡಿಗೆಯ ಜೊತೆಗೆ ಸ್ಥಾಪಕರ ಕುಟುಂಬಕ್ಕಾಗಿ ದಿನವೂ ಪರಲೋಕ ಪ್ರಾರ್ಥನೆ, ನಮೋ ಮರಿಯಾ ಮತ್ತು ವಿಶ್ವಾಸ ಪ್ರಮಾಣ ಹೇಳಬೇಕು.

ಫುಗ್ಗರ್ ಅವರ ದೂರದೃಷ್ಟಿ ಕಾಣುವುದು ಕಟ್ಟಡಕ್ಕಿಂತ ಹೆಚ್ಚಾಗಿ ನಿಧಿಯಲ್ಲಿ. ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ನಗರದ ಪಾಲಕ ಸಂತ ಉಲ್ರಿಕ್ ಅವರ ಹೆಸರಿನಲ್ಲಿ ಒಂದು ಖಾತೆ ತೆರೆದು, ದಾನಕ್ಕೆಂದು ಹಣ ಇಟ್ಟರು. 1521ರ ಆಗಸ್ಟ್ 23ರ ಸ್ಥಾಪನಾ ಪತ್ರದಲ್ಲಿ ಈ ಮನೆಗಳು ಸದಾಕಾಲ ಬಡವರಿಗೇ ಉಳಿಯಬೇಕೆಂದು ವಿಧಿಸಿದರು. ಅಸಲನ್ನು ಮುಟ್ಟದೆ, ಬಂದ ಆದಾಯದಿಂದ ರಿಪೇರಿ ಮತ್ತು ನಿರ್ವಹಣೆ ನಡೆಸುವುದು ಇದರ ಕ್ರಮ.

1525ರ ಡಿಸೆಂಬರ್ 30ರಂದು ಫುಗ್ಗರ್ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ, ಅಣ್ಣನ ಮಗ ಆಂಟನ್ ಹೊಣೆ ಹೊತ್ತರು. ಅರಸರಿಗೆ ಕೊಟ್ಟ ಸಾಲಗಳು ಮರಳದೆ 17ನೇ ಶತಮಾನದಲ್ಲಿ ಆ ದೊಡ್ಡ ವ್ಯಾಪಾರ ಸಂಸ್ಥೆಯೇ ಮುಚ್ಚಿಹೋಯಿತು. ನಿಧಿ ಮಾತ್ರ ಉಳಿಯಿತು, ಏಕೆಂದರೆ ಅದರ ಆಧಾರ ಕ್ರಮೇಣ ಭೂಮಿ ಮತ್ತು ಅರಣ್ಯಕ್ಕೆ ಬದಲಾಗಿತ್ತು. ಸಂಗೀತಗಾರ ಮೊಜಾರ್ಟ್ ಅವರ ಮುತ್ತಜ್ಜ, ಗಾರೆ ಕೆಲಸದ ಫ್ರಾಂಜ್ ಮೊಜಾರ್ಟ್, ಕಷ್ಟಕ್ಕೆ ಸಿಲುಕಿದಾಗ 1681ರಿಂದ 1694ರವರೆಗೆ ಇಲ್ಲಿಯೇ ಆಶ್ರಯ ಪಡೆದರು. 1944ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಬಹುಪಾಲು ಮನೆಗಳು ನಾಶವಾದವು. ಕೆಲವೇ ದಿನಗಳಲ್ಲಿ ಕುಟುಂಬದವರು ಮತ್ತೆ ಕಟ್ಟಲು ತೀರ್ಮಾನಿಸಿದರು. ಇಂದು ಅರಣ್ಯದ ಆದಾಯ, ಇತರ ಕಟ್ಟಡಗಳ ಬಾಡಿಗೆ ಹಾಗೂ ಪ್ರವಾಸಿಗರ ಪ್ರವೇಶ ಶುಲ್ಕದಿಂದ ಈ ಮನೆಗಳು ನಡೆಯುತ್ತವೆ.

ಅಮೆರಿಕದ ಹಲವು ನಗರಗಳು ಇಂದು ಸ್ಥಳೀಯ ವಸತಿ ಟ್ರಸ್ಟ್ ನಿಧಿಗಳನ್ನು ಹೊಂದಿವೆ. ಆಸ್ತಿ ನೋಂದಣಿ ಅಥವಾ ಹೊಸ ಕಟ್ಟಡಗಳ ಶುಲ್ಕದಂತಹ ಒಂದು ಆದಾಯವನ್ನು ಬಡವರ ಮನೆಗಳಿಗೆಂದೇ ಮೀಸಲಿಡುವುದು ಅವುಗಳ ಪದ್ಧತಿ. ಹಣದ ಮೂಲ ಬೇರೆಯಾದರೂ ತತ್ವ ಫುಗ್ಗರ್ ಅವರದೇ: ಮನೆಗೆಂದು ಇಟ್ಟ ಹಣ ಬೇರೆ ಖರ್ಚಿಗೆ ಹೋಗಬಾರದು.

ನಮ್ಮ ಕರಾವಳಿಯ ಅನೇಕ ಚರ್ಚ್‌ಗಳಲ್ಲಿ ಜುಬಿಲಿಯ ನೆನಪಿಗಾಗಿ ಬಡ ಕುಟುಂಬಕ್ಕೊಂದು ಮನೆ ಕಟ್ಟಿಕೊಡುವ ಒಳ್ಳೆಯ ರೂಢಿಯಿದೆ. ಕೀಲಿಕೈ ಕೊಟ್ಟ ದಿನ ಎಲ್ಲರಿಗೂ ಸಂತೋಷ. ಹತ್ತು ಮಳೆಗಾಲ ಕಳೆದ ಮೇಲೆ ಆ ಮಾಡಿನ ಹೆಂಚು ಬದಲಿಸುವವರು ಯಾರು? ಮುಂದಿನ ಕುಟುಂಬಕ್ಕೆ ಹಣ ಎಲ್ಲಿಂದ? ಮನೆಯ ಜೊತೆಗೆ ಚಿಕ್ಕದೊಂದು ನಿಧಿ, ಅದಕ್ಕೊಂದು ಬರಹದ ನಿಯಮ, ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಇದ್ದರೆ, ದಾನ ಕೊಟ್ಟವರ ಕಾಲಾನಂತರವೂ ಆ ದಾನ ಬಡವರಿಗೆ ಸೂರಾಗಿ ಉಳಿಯುತ್ತದೆ.