ಕೆನೆತ್ ಆಂಡರ್ಸನ್: ಕೋವಿಯ ಆಯ್ಕೆ, ಗುಂಡಿನ ಹೊಣೆ

ಹೊಸೂರಿನಿಂದ ದಕ್ಷಿಣಕ್ಕೆ ಸಾಗಿದರೆ ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಕಾಡು ಕಾವೇರಿಯವರೆಗೂ ಹಬ್ಬಿದೆ. ಈ ಸೀಮೆಯನ್ನು ಜಗತ್ತಿನ ಓದುಗರಿಗೆ ಪರಿಚಯಿಸಿದವರು ಕೆನೆತ್ ಆಂಡರ್ಸನ್. 1910ರಲ್ಲಿ ಜನಿಸಿದ ಅವರು ಬೆಂಗಳೂರಿನಲ್ಲಿ ಓದಿ, ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ದುಡಿದರು. ಕನ್ನಡ, ತಮಿಳುಗಳೆರಡನ್ನೂ ಬಲ್ಲವರಾದುದರಿಂದ ಹಳ್ಳಿಗರ ಅನುಭವ ಅವರಿಗೆ ನೇರವಾಗಿ ದಕ್ಕಿತು.

ಕುಮಾಊಂ ಬೆಟ್ಟಗಳ ಜಿಮ್ ಕಾರ್ಬೆಟ್ ನೆಚ್ಚಿದ್ದು .275 ರಿಗ್ಬಿ ಎಂಬ ಹಗುರವಾದ ಬೋಲ್ಟ್ ರೈಫಲನ್ನು. ಅದರ ಗುಂಡಿನ ತೂಕ ಸುಮಾರು 9 ಗ್ರಾಂ. ಹೆಗಲಿಗೆ ಬೀಳುವ ಒದೆತ ಅಲ್ಪವಾದುದರಿಂದ ನಿಶ್ಚಿಂತೆಯಾಗಿ ಗುರಿಯಿಡಬಹುದು. ಆಂಡರ್ಸನ್ ಆರಿಸಿಕೊಂಡದ್ದು .405 ವಿಂಚೆಸ್ಟರ್. ಅದು ಬೋಲ್ಟ್ ರೈಫಲಲ್ಲ, ಕುದುರೆಯ ಕೆಳಗಿನ ಸನ್ನೆಯನ್ನು ಆಡಿಸಿ ಮುಂದಿನ ತೋಟಾ ಏರಿಸಬೇಕು. ಗುಂಡು ಸುಮಾರು 19 ಗ್ರಾಂ; ಒದೆತವೂ ಬಲವಾದುದು. ಪೊದೆಯಿಂದ ಹಠಾತ್ತನೆ ಎರಗುವ ಹುಲಿಯನ್ನು ತಡೆಯಲು ಭಾರದ ಗುಂಡು ತಕ್ಕುದು. ಆದರೆ ಯಾವ ಭಾರವೂ ತಪ್ಪಿದ ಗುರಿಯನ್ನು ತಿದ್ದಲಾರದು.

ಜವಳಗಿರಿಯ ಹೆಣ್ಣುಹುಲಿ ಇದಕ್ಕೆ ಸಾಕ್ಷಿ. ಬೇಟೆಗಾರನ ಗುಂಡಿನಿಂದ ಗಾಯಗೊಂಡ ಮೇಲೆಯೇ ಅದು ನರಭಕ್ಷಕಿಯಾಯಿತೆಂಬುದನ್ನು ಆಂಡರ್ಸನ್ 1954ರ ತಮ್ಮ ಮೊದಲ ಪುಸ್ತಕದಲ್ಲಿ ನಿರೂಪಿಸಿದರು. ಒಬ್ಬನ ಅರೆಗುರಿಗೆ ಬೆಲೆ ತೆತ್ತವರು ದನಗಾಹಿಗಳು, ದಾರಿಹೋಕರು. ಕೋವಿ ಹಗುರವೋ ಭಾರವೋ ಎಂಬುದಕ್ಕಿಂತ, ಹಾರಿಸಿದವನ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬುದೇ ಅವರ ಬರೆಹದ ತಿರುಳು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಆಂಡರ್ಸನ್ ತೀರಿಕೊಂಡರು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಿಂದ ಅವರು ಕನ್ನಡಿಗರ ಮನೆಮಾತಾದರು. ಕೋವಿ ಮೌನವಾದ ಈ ಕಾಡುಗಳನ್ನು ಇಂದಿನ ವಿದ್ಯಾರ್ಥಿ ಓದಿನ ಮೂಲಕವೇ ಹೊಗಬೇಕು.